ಬ್ಯಾಟಿಗೆ ತಂತಿ ಕಟ್ಟುವ ಗಂಡು

ತಂಗಿ ರೌಶನ್‌ಗೆ ಅಣ್ಣನ ಸಲಾಂ. ಸಂಸೆಗೆ ಫೋನ್ ಹೋಗುತ್ತಿಲ್ಲ, ಅದಕ್ಕೇ ಈ ಕಾರ್ಡು.

ನಿನ್ನ ಮಗಳು ಫಾಯಿಜಾಗೆ ನೋಡಿರುವ ಹುಡುಗ ಸುಫಿಯಾನ್ ಟೆನಿಸ್ ಬ್ಯಾಟಿಗೆ ತಂತಿ ಕಟ್ಟುತ್ತಾನೆ ಅಂದಾಗ, ಅದೂ ಒಂದು ಕೆಲಸವೇ ಎಂದು ಬೈದಿದ್ದೆನಲ್ಲ, ಇವತ್ತು ಚಿಕ್ಕಮಗಳೂರಿನ ಕ್ಲಬ್ಬಿನಲ್ಲಿ ಕಣ್ಣಾರೆ ನೋಡಿದೆ. ದುಡ್ಡಿಗೇ ಆಡುವ ಗಂಡಸರು, ಒಂದೊಂದು ಕಡೆ ಇಬ್ಬಿಬ್ಬರು. ವರ್ಷದ ಕೊನೆಯ ಡಬಲ್ಸ್ ಪಂದ್ಯಾವಳಿಯ ಫೈನಲ್ಲು. ನಡುವೆ ಒಬ್ಬನ ತಂತಿ ಕಡಿದುಹೋಯಿತು. ಸುಫಿಯಾನ್ ಕಾಲು ಗಂಟೆಯಲ್ಲಿ ಹೊಸದು ಬಿಗಿದು ಕೊಟ್ಟ. ಆ ಮನುಷ್ಯನ ಮೊದಲ ಎರಡು ಹೊಡೆತವೂ ಬಲೆಗೆ ಬಿತ್ತು. ಬಿಡುವಿನಲ್ಲಿ ಬಂದು ಕೂಗಾಡಿದ: "ಬ್ಯಾಟೋ ಹಲಗೆನೋ ಇದು? ಇಷ್ಟು ಬಿಗಿ ಯಾರಯ್ಯ ಕಟ್ಟಿದ್ದು?" ನಾನಾಗಿದ್ದರೆ ಆ ಬ್ಯಾಟಿನಲ್ಲೇ ಅವನಿಗೊಂದು ಬಿಡುತ್ತಿದ್ದೆ. ಸುಫಿಯಾನ್ ಉಗುರಿನಲ್ಲಿ ತಂತಿ ಮೀಟಿ, ಕಿವಿಗೊಟ್ಟು ಕೇಳಿ, "ನೀವು ಹೇಳಿದಷ್ಟೇ ಇದೆ ಸರ್. ಇನ್ನೊಂದು ಹತ್ತು ಹೊಡೀರಿ, ಕೈಗೆ ಕೂರುತ್ತೆ" ಅಂದ. ಹಾಗೇ ಆಯಿತು. ಅವರೇ ಗೆದ್ದರು.

ಆಟದ ಸೀಸನ್ ಮುಗಿದ ಮೇಲೆ ಇವನು ಮನೆಯಲ್ಲಿ ಕೂರುತ್ತಾನೆ ಎಂದು ನೀನು ಹೆದರಿದ್ದೆ. ಅದನ್ನೂ ನಾನು ಅವನ ಮುಖದ ಮೇಲೇ ಕೇಳಿದೆ.

"ಕಾಫಿ ಕೊಯ್ಲು ಶುರುವಾಯ್ತಲ್ಲ ಮಾಮು. ನಾಳೆಯಿಂದ ಆಲ್ದೂರು ಕಡೆ ಎಸ್ಟೇಟುಗಳಲ್ಲಿ ಹಣ್ಣಿನ ಸಿಪ್ಪೆ ತೆಗೆಯೋ ಮಿಷನ್ ರಿಪೇರಿ. ನೀವೂ ಮೆಕ್ಯಾನಿಕ್ಕು, ಸುಮ್ನೆ ಯಾಕೆ ಕೂತ್ಕೋತೀರಿ, ಬನ್ನಿ" ಅಂದ. ಸೊಕ್ಕು ನೋಡು!

ಮೊಣಕಾಲು ನೋವು ಕಡಿಮೆಯಾಗಿದೆ. ಫಾಯಿಜಾಳನ್ನು ಕೇಳು, ಅವಳು ಹೂಂ ಅಂದರೆ ನನ್ನದೂ ಹೂಂ. ಊರಿಗೆ ಬರುವುದು ಮುಂದಿನ ವಾರ. ಬೆಳಿಗ್ಗೆ ಅವನ ಜೊತೆ ಆಲ್ದೂರಿಗೆ ಹೊರಟಿದ್ದೇನೆ.

ಇದ್ರೀಸ್