ಮೊದಲು ಯಾರು ಮಾತಾಡಬೇಕು

ನವೆಂಬರ್ 3, ಸೋಮವಾರ

ಬರೆಯೋದು ನನ್ನ ಕೆಲಸ ಅಲ್ಲ. ಆರನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನ ಕೈಗೆ ಈ ವಯಸ್ಸಲ್ಲಿ ನೋಟ್‌ಬುಕ್ ಕೊಟ್ಟಿದಾಳೆ ಸೊಸೆ. ದಿನಾ ಬರೀಬೇಕಂತೆ. ಯಾಕೆ? ಬೆಳಿಗ್ಗೆ ಒಂದು ಹೇಳ್ತೀನಂತೆ, ಸಂಜೆ ಇನ್ನೊಂದು ಹೇಳ್ತೀನಂತೆ, ಆಮೇಲೆ ಅವಳ ಮೇಲೇ ಕೂಗಾಡ್ತೀನಂತೆ.

"ಏನು ತೀರ್ಮಾನ ಮಾಡಿದ್ರಿ ಅಂತ ಬರೆದಿಡಿ ಅಬ್ಬಾ. ನಾನು ಓದಲ್ಲ. ನೀವೇ ಓದ್ಕೊಂಡು ನಿಮ್ಮ ಹತ್ರಾನೇ ಜಗಳ ಆಡ್ಕೊಳ್ಳಿ."

ಪೆನ್ನೂ ಅವಳದೇ. ಇಂಕು ಕಕ್ತದೆ.

ಉರ್ದು ಓದ್ತೀನಿ, ಬರೆಯೋಕೆ ಕೈ ಓಡಲ್ಲ. ಇಂಗ್ಲಿಷು ಸಿ ಪ್ರೋಗ್ರಾಮಿಗೆ ಎಷ್ಟು ಬೇಕೋ ಅಷ್ಟು — ಇಫ್, ವೈಲ್, ರಿಟರ್ನ್. ಅದರಲ್ಲಿ ಸಿಟ್ಟು ಬರೆಯೋಕಾಗಲ್ಲ. ಕನ್ನಡವೇ ಗತಿ.

ಇವತ್ತಿನ ತೀರ್ಮಾನ: ಏನೂ ಇಲ್ಲ. ಕರೆಂಟ್ ಇರಲಿಲ್ಲ.

ನವೆಂಬರ್ 5, ಬುಧವಾರ

ಹೊನ್ನವಳ್ಳಿ ರಸ್ತೇಲಿ ತೋಂಟದಾರ್ಯನ ವೇಬ್ರಿಡ್ಜ್. ಕೊಬ್ಬರಿ ವ್ಯಾಪಾರಿ, ಸ್ಕೂಲಲ್ಲಿ ನನ್ನ ಜೊತೆ ಒಂದೇ ಬೆಂಚಲ್ಲಿ ಕೂತವನು. ಲಾರಿ ಬಂದು ಅದರ ಮೇಲೆ ನಿಂತ್ರೆ ಕ್ಯಾಬಿನ್ನಿನ ಪುಟ್ಟ ಡಬ್ಬಿ ತೂಕ ಓದ್ತದೆ. ತಿಪಟೂರಲ್ಲಿ ಅವನ ಮಂಡಿಯ ಕಂಪ್ಯೂಟರು ಆ ತೂಕ ತರಿಸಿಕೊಂಡು ಚೀಟಿ ಹೊಡೀಬೇಕು. ಡಬ್ಬಿ ಲಿನಕ್ಸು. ಮಂಡೀದು ವಿಂಡೋಸು. ಎರಡಕ್ಕೂ ಮಾತು ಕಲಿಸೋದು ನಾವು.

ರೇಡಿಯೋ ರಿಪೇರಿಯಿಂದ ಟಿವಿ, ಟಿವಿಯಿಂದ ತೂಕದ ಮೆಷಿನ್ನು, ಅದರೊಳಗಿನ ಚಿಪ್ಪಿಗೋಸ್ಕರ ಸಿ. ಹಂಗೆ ಬಂದವನು ನಾನು. ಹಳೇ ಪ್ರೋಗ್ರಾಮು ಮಗ ಜುಬೇರ್ ಬರೆದಿದ್ದು. ವಿಂಡೋಸಲ್ಲಿ ಮಾತ್ರ ಓಡ್ತದೆ. ಅವನು ತೀರಿಹೋಗಿ ನಾಲ್ಕು ವರ್ಷ. ಅವನ ಹೆಂಡ್ತಿ ನಾಹಿದಾ ಇಲ್ಲೇ ಇದಾಳೆ. ತೌರಿಗೆ ಹೋಗು ಅಂತ ನಾವೂ ಅನ್ನಲಿಲ್ಲ, ಹೋಗ್ತೀನಿ ಅಂತ ಅವಳೂ ಅನ್ನಲಿಲ್ಲ. ಹಗಲು ಕಂಪ್ಯೂಟರ್ ಸೆಂಟರಲ್ಲಿ ಪಾಠ, ಸಂಜೆ ನನ್ನ ಜೊತೆ ಇದು.

ಸಾಕೆಟ್ ಅಂತಾರೆ. ಎರಡು ಮೆಷಿನ್ ಮಾತಾಡೋ ತೂತು. ಎರಡೂ ಕಡೆ ಒಂದೇ ಕೆಲಸ, ಶಾಸ್ತ್ರ ಮಾತ್ರ ಬೇರೆ. ವಿಂಡೋಸನ್ನ ಮೊದಲು ತಟ್ಟಿ ಎಬ್ಬಿಸಬೇಕು. ಲಿನಕ್ಸ್ ತಾನೇ ಎದ್ದಿರ್ತದೆ. ಮುಚ್ಚೋಕೆ ಅಲ್ಲೊಂದು ಹೆಸರು, ಇಲ್ಲೊಂದು ಹೆಸರು. ತಪ್ಪಾದ್ರೆ ಆ ತಪ್ಪಿನ ನಂಬರನ್ನ ಒಬ್ಬ ಈ ಜೇಬಲ್ಲಿ ಇಡ್ತಾನೆ, ಇನ್ನೊಬ್ಬ ಆ ಜೇಬಲ್ಲಿ. ನಾವು ಮಾಡ್ತಿರೋದು ಮೇಲೊಂದು ಹೊದಿಕೆ. ಹೆಸರು ಕೊಂಡಿ. ಅದನ್ನ ಬಳಸೋನಿಗೆ ಒಳಗೆ ಯಾರಿದಾರೆ ಅಂತ ಗೊತ್ತಾಗಬಾರದು.

ಅವಳಿಗೆ ಹನ್ನೆರಡು ಫಂಕ್ಷನ್ ಬೇಕಂತೆ. ನಾಲ್ಕೇ ಸಾಕು ಅಂದೆ — ಕರೆ, ಕಳಿಸು, ತಗೋ, ಮುಚ್ಚು. ಮನುಷ್ಯರಿಗೆ ಅಷ್ಟೇ ಸಾಕಾಗಿದೆ.

"ಕರೆದ್ರೆ ಆ ಕಡೆ ಎತ್ತೋನು ಯಾರು ಅಬ್ಬಾ?"

ಅದನ್ನ ಮರೆತಿದ್ದೆ. ಐದು. ಐದನೇದು ಎತ್ತು. ನಕ್ಕಳು. ನಗೋ ಅಂಥದ್ದೇನಿತ್ತು?

ನವೆಂಬರ್ 8, ಶನಿವಾರ

ಜಗಳ.

ಆ ಕಡೆಯಿಂದ ಬರೋದಕ್ಕೆ ತಗೋ ಅಂತ ಕೂತಾಗ ಎಷ್ಟು ಹೊತ್ತು ಕಾಯೋದು? ಅದನ್ನ ಪ್ರತಿ ಸಲ ಬರೀಲೇಬೇಕು, ಬರೀದೆ ಇದ್ರೆ ಕಂಪೈಲೇ ಆಗಬಾರದು, ಪ್ರೋಗ್ರಾಮು ಓಡೋ ರೂಪಕ್ಕೇ ಬರಬಾರದು ಅಂತ ಅವಳು.

"ಬರೋವರೆಗೂ ಕಾಯೋದು. ಜುಬೇರ್ ಹಂಗೇ ಬರೆದಿದ್ದ."

"ಬರದೇ ಇದ್ರೆ?"

"ಬರ್ತದೆ."

ಲ್ಯಾಪ್‌ಟಾಪ್ ಮುಚ್ಚಿದಳು, ಸ್ವಲ್ಪ ಜೋರಾಗೇ.

ಉತ್ತರ ಬರೋ ಮುಂಚೆ ಎದ್ದು ಹೋಗೋದು ಯಾವ ಮರ್ಯಾದೆ? ತೋಂಟದಾರ್ಯನ ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಕೂತಿರ್ತದೆ, ಒಳಗಿನ ನೀರು ಇಂಗಿ ಕೊಬ್ಬರಿ ಆಗೋವರೆಗೂ. ಅದಕ್ಕೆ ಇಷ್ಟೇ ಹೊತ್ತು ಅಂತ ಯಾವನು ಟೈಮೌಟ್ ಹಾಕ್ತಾನೆ?

ಊಟ ಆದ್ಮೇಲೆ ನಮ್ಮನೆಯವಳು ಅಜೀಜುನ್ನೀಸಾ ಹೊಲಿಗೆ ಮೆಷಿನ್ ನಿಲ್ಲಿಸಿ ಮೆಲ್ಲಗೆ ಹೇಳಿದಳು. ಬೀಗಿತ್ತಿ ತುರುವೇಕೆರೆಯಿಂದ ಫೋನ್ ಮಾಡಿದ್ರಂತೆ. ಅಲ್ಲಿ ಯಾಸೀನ್ ಅಂತ ಒಬ್ಬ, ಮೋಟರ್ ರಿವೈಂಡಿಂಗ್ ಅಂಗಡಿ, ಹೆಂಡ್ತಿ ತೀರಿಕೊಂಡಿದಾಳೆ. ನಾಹಿದಾನ್ನ ಕೇಳ್ತಿದಾನೆ.

"ಅವಳೇನಂತಾಳೆ?"

"ಏನೂ ಅಂದಿಲ್ಲ. ನೀವು ಬಾಯಿ ಬಿಡಬೇಡಿ. ನಾವಾಗಿ ಕೇಳಿದ್ರೆ ಮನೆಯಿಂದ ಕಳಿಸೋಕೆ ನೋಡ್ತಿದಾರೆ ಅಂದ್ಕೋತಾಳೆ."

ಸರಿಯಾದ ಮಾತು. ಅವಳೇ ಹೇಳಲಿ. ಕಾಯ್ತೀನಿ.

ನವೆಂಬರ್ 9

ಹೇಳಲಿಲ್ಲ. ಕೇಳಲಿಲ್ಲ.

ನವೆಂಬರ್ 13, ಗುರುವಾರ

ಸುಟ್ಟ ಫ್ಯಾನ್ ಒಂದು ಬಿದ್ದಿತ್ತು. ನಾನೇ ಸುತ್ತಬಹುದಿತ್ತು. ಕಂಕುಳಲ್ಲಿಟ್ಕೊಂಡು ತುರುವೇಕೆರೆ ಬಸ್ ಹತ್ತಿದೆ.

ಯಾಸೀನ್ ಅಂಗಡೀಲೇ ಇದ್ದ. ನಾನ್ಯಾರು ಅಂತ ಹೇಳಲಿಲ್ಲ. ಫ್ಯಾನ್ ಬಿಚ್ಚಿದ, ತಂತಿ ಮೂಸಿ ನೋಡಿದ.

"ಇದನ್ನ ಹಿಂದೆ ಸುತ್ತಿದವರು ಕೈಕೆಲಸ ಬಲ್ಲವರು ಚಾಚಾ. ಯಾರು?"

ನಾನೇ ಸುತ್ತಿದ್ದು. ಹೇಳಲಿಲ್ಲ. ಒಬ್ಬ ಮುದುಕಿ ಮಿಕ್ಸಿ ತಂದು ನಿನ್ನೆ ಯಾಕೆ ಬಾಗಿಲು ಹಾಕಿದ್ದೆ ಅಂತ ಬೈದಳು. "ಜ್ವರ ಬಂದಿತ್ತು ಕಣಮ್ಮ, ಬೈಬೇಡ, ಮತ್ತೆ ಬರ್ತದೆ" ಅಂದ. ಮುದುಕಿ ನಕ್ಕುಬಿಟ್ಟಳು. ಕೊರತೆ ಹುಡುಕಿದೆ. ಚಹಾಗೆ ಸಕ್ಕರೆ ಜಾಸ್ತಿ ಹಾಕಿಸ್ತಾನೆ. ಅಷ್ಟೇ ಸಿಕ್ಕಿದ್ದು. ಸಿಟ್ಟು ಬಂತು.

ಫ್ಯಾನು ಚೆನ್ನಾಗಿ ಓಡ್ತಿದೆ. ಸದ್ದೇ ಇಲ್ಲ.

ನವೆಂಬರ್ 22, ಶನಿವಾರ

ಬರೀದೆ ಒಂಬತ್ತು ದಿನ. ಕೆಲಸ ಇತ್ತು. ಕೊಂಡಿ ಮುಗೀತು. ಕ್ಯಾಬಿನ್ ಕಡೆದು ನಾನು ಬರೆದೆ, ಮಂಡಿ ಕಡೆದು ಅವಳು. ಕಾಯೋ ವಿಚಾರದಲ್ಲಿ ನನ್ನ ಹಠವೇ ಗೆದ್ದಿತ್ತು — ಹೊತ್ತಿನ ಮಿತಿ ಇಲ್ಲ. ಮನೇಲಿ ಚೆನ್ನಾಗಿ ಓಡ್ತಿತ್ತು. ನಿನ್ನೆ ಜೋಡಿಸಿದ್ವಿ.

ಇವತ್ತು ಬೆಳಿಗ್ಗೆ ತೋಂಟದಾರ್ಯನ ಫೋನು. "ಬಾರಲಾ ಇಲ್ಲಿ. ನಿನ್ನ ಡಬ್ಬಿ ಮೌನವ್ರತ ಹಿಡಿದೈತೆ."

ಹೋದೆ. ಲಾರಿ ಮೇಲೆ ನಿಂತಿದೆ, ಡಬ್ಬಿ ತೂಕ ತೋರಿಸ್ತಿದೆ, ಮಂಡೀಲಿ ಚೀಟಿ ಇಲ್ಲ. ಹಿಂದೆ ಇನ್ನೂ ಲಾರಿಗಳು, ಹಾರನ್ನು. ಕೇಬಲ್ ಬದಲಾಯಿಸಿದೆ. ಸ್ವಿಚ್ ಬದಲಾಯಿಸಿದೆ. ಇಂಟರ್ನೆಟ್ಟಿನವನಿಗೆ ಬೈದೆ. ಪಾಪ, ಅವನ ಲೈನ್ ಸರಿಯಾಗೇ ಇತ್ತು. ಡಬ್ಬಿಗೆ ಎರಡು ಬಿಟ್ಟೆ.

"ಹೊಡೀಬ್ಯಾಡ ಕಣ್ಲಾ, ಅದಕ್ಕೂ ಒಂದು ಮರ್ಯಾದೆ ಐತೆ."

"ಸ್ವಲ್ಪ ಕಾಯಿ. ಬರ್ತದೆ. ನಿನ್ನ ಅಟ್ಟದ ಕಾಯಿ ಕಾಯಲ್ವಾ?"

"ಅಟ್ಟಕ್ಕೆ ಹಾಕಿ ಮಲಗ್ತೀವಿ ಅಂದ್ಕಂಡ್ಯಾ? ಆಗಾಗ ಹತ್ತಿ ಅಲ್ಲಾಡಿಸಿ ನೋಡ್ತೀವಿ ಕಣಪ್ಪ. ಗಡಗಡ ಅಂದ್ರೆ ಕೊಬ್ಬರಿ ಆಗೈತೆ. ನೀರು ತುಳುಕಿದ್ರೆ ಇನ್ನೂ ಹಸಿ. ಕೊಳೆತದ್ದು ಸಿಕ್ರೆ ಆಚೆಗೆ. ನೋಡ್ದಂಗೆ ಕಾಯೋದು ಸೋಮಾರಿ ಕೆಲಸ."

ಪಾಠ ಬಿಟ್ಟು ನಾಹಿದಾ ಸ್ಕೂಟೀಲಿ ಬಂದಳು. ಯಾವ ಕೇಬಲ್ಲೂ ಮುಟ್ಟಲಿಲ್ಲ. ಮಂಡಿ ಕಂಪ್ಯೂಟರನ್ನ ಫೋನಿಂದ ತೆಗೆದು ನೋಡಿದಳು. ಆಮೇಲೆ ಡಬ್ಬಿ ನೋಡಿದಳು. ಮುಖ ಕೆಂಪಾಯ್ತು.

"ಲೈನ್ ಸಿಕ್ಕಿದೆ ಅಬ್ಬಾ. ಕರೆದಿದೆ, ಎತ್ತಿದೆ. ಎರಡೂ ತಗೋ ಅಂತ ಕೂತಿವೆ, ಕಳಿಸೋರೇ ಇಲ್ಲ."

ತೂಕ ತಾನಾಗೇ ಬರ್ತದೆ ಅಂತ ಅವಳು ಬರೆದಿದ್ದಳು. ತೂಕ ಕೊಡು ಅಂತ ಕೇಳ್ತಾರೆ, ಕೇಳಿದ್ಮೇಲೆ ಕೊಡೋಣ ಅಂತ ನಾನು ಬರೆದಿದ್ದೆ. ಮನೇಲಿ ಟೆಸ್ಟ್ ಮಾಡುವಾಗ ಪ್ರತಿ ಸಲ ನಾನೇ ಒಂದು ಕೀ ಒತ್ತಿ ಶುರು ಮಾಡ್ತಿದ್ದೆ, ಅದಕ್ಕೇ ಗೊತ್ತಾಗಿರಲಿಲ್ಲ. ಹೆಂಗೆ ಮಾತಾಡಬೇಕು ಅಂತ ಪುಟಗಟ್ಟಲೆ ಬರೆದ್ವಿ. ಮೊದಲು ಯಾರು ಅಂತ ಒಂದು ಸಾಲೂ ಬರೀಲಿಲ್ಲ.

ತೋಂಟದಾರ್ಯನಿಗೆ ಬಿಡಿಸಿ ಹೇಳಿದಳು. ಅವನು ಬೆಂಚಿನ ಮೇಲೆ ಉರುಳಾಡಿ ನಕ್ಕ.

"ಬೀಗರೂಟದಾಗೆ ಕೂತ್ಕಂಡಂಗೆ! ನೀವು ಮೊದಲು ಕೈ ಹಾಕ್ರೀ, ಇಲ್ಲ ನೀವು ಹಾಕ್ರೀ... ಅನ್ನ ಆರಿ ಹೋಯ್ತು ಬುಡು!"

ಲಾರಿ ಡ್ರೈವರುಗಳೂ ನಕ್ಕರು. ಅವಳೂ. ನಾನು ನಗಲಿಲ್ಲ.

ನವೆಂಬರ್ 24, ಸೋಮವಾರ

ತೀರ್ಮಾನಗಳು. ನೆಟ್ಟಗೆ ಬರೀತೀನಿ, ಆಮೇಲೆ ಇಲ್ಲ ಅನ್ನೋ ಹಂಗಿಲ್ಲ.

ಕರೆದವನೇ ಮೊದಲು ಮಾತಾಡಬೇಕು. ಎತ್ತಿದವನು ಕೇಳಿಸ್ಕೊಂಡು ಉತ್ತರ ಕೊಡಬೇಕು.

ತಗೋ ಅನ್ನೋದಕ್ಕೆ ಹೊತ್ತಿನ ಮಿತಿ ಇರ್ಲೇಬೇಕು. ಸೊಸೆ ಗೆದ್ದಳು. ಬಂತು, ಲೈನ್ ಕಡೀತು, ಹೊತ್ತು ಮೀರಿತು — ಮೂರರಲ್ಲಿ ಒಂದು ಹೇಳಬೇಕು. ಹೊತ್ತು ಮೀರಿದ್ದು ತಪ್ಪಲ್ಲ ಅಂತಾಳೆ. "ಅದು ಇಲ್ಲ ಅನ್ನೋ ಉತ್ತರ ಅಲ್ಲ ಅಬ್ಬಾ. ಸುಮ್ನೆ ನಿಮ್ಮ ಕೈಗೆ ವಾಪಸ್ ಬರ್ತದೆ. ಮತ್ತೆ ಕೇಳೋದೋ ಬಿಡೋದೋ ನೀವು ನೋಡ್ಕೊಳ್ಳಿ."

ನಂದೂ ಒಂದು ಸೇರಿಸಿದೆ. ಕಳಿಸು ಸರಿ ಅಂದ್ರೆ ಹೊರಟಿತು ಅಂತ ಅಷ್ಟೇ, ತಲುಪಿತು ಅಂತ ಅಲ್ಲ. ಇದನ್ನ ದಪ್ಪ ಅಕ್ಷರದಲ್ಲಿ ಹಾಕು ಅಂದೆ. ಹಾಕಿದಳು.

ಬರೋವರೆಗೂ ಕಾಯಿ ಅಂತ ಜುಬೇರ್ ಬರೆದ ಸಾಲು ತೆಗೆಯುವಾಗ ನನ್ನ ಮುಖ ನೋಡಿದಳು. ತೆಗಿ ಅಂದೆ. ಫೈಲಿನ ತಲೆ ಮೇಲೆ ಅವನ ಹೆಸರು ಇದೆ. ಅದು ಇರ್ತದೆ.

ಚಹಾ ತಂದಳು. ಲೋಟ ಇಟ್ಟು ಹೋಗಲಿಲ್ಲ.

"ಅಬ್ಬಾ..."

"ಏನು?"

"...ಸಕ್ಕರೆ ಸಾಕಾ?"

"ಸಾಕು."

ನವೆಂಬರ್ 27, ಗುರುವಾರ

ಬೀಗಿತ್ತಿ ಮತ್ತೆ ಫೋನ್ ಮಾಡಿದ್ರಂತೆ. ಆ ಹುಡುಗ ಕಾಯ್ತಿದಾನಂತೆ, ಅವನ ಅಕ್ಕ ಬೇರೆ ಕಡೆ ನೋಡೋಣ ಅಂತಿದಾಳಂತೆ. ನಾಹಿದಾ ತಾಯಿಗೆ ಹೇಳಿದ್ದು ಇಷ್ಟಂತೆ: "ಅಬ್ಬಾ ಏನೂ ಹೇಳಿಲ್ಲ."

ಅಜೀಜುನ್ನೀಸಾ ದಾರ ಕಡಿದು ನನ್ನ ಮುಖ ನೋಡಿದಳು. "ನಾನೇ ಬೇಡ ಅಂದಿದ್ದೆ. ತಪ್ಪಾಯ್ತೇನೋ ಕಣ್ರೀ."

ಅವಳದೇನಿಲ್ಲ. ಅವಳು ಬೇಡ ಅಂದಾಗ ನನಗೆ ಒಳಗೊಳಗೇ ಹಾಯೆನಿಸಿತ್ತು. ಅದು ನನಗೇ ಗೊತ್ತು. ಸಂಜೆ ಐದಾದ್ರೆ ಪಕ್ಕದ ಕುರ್ಚೀಲಿ ಯಾರಾದ್ರೂ ಕೂತು ನನ್ನ ತಪ್ಪು ಹಿಡೀಬೇಕು. ಆ ಕುರ್ಚಿ ಒಂದ್ಸಲ ಖಾಲಿ ಆಗಿತ್ತು. ಮತ್ತೆ ಖಾಲಿ ಆಗೋದು ಬೇಡ ಅಂತ ಬಾಯಿ ಮುಚ್ಕೊಂಡಿದ್ದೆ. ಅದಕ್ಕೆ ಮರ್ಯಾದೆ ಅಂತ ಹೆಸರಿಟ್ಟಿದ್ದೆ.

ಎರಡೂ ತಗೋ ಅಂತ ಕೂತಿವೆ.

ನವೆಂಬರ್ 28, ಶುಕ್ರವಾರ. ಜುಮ್ಮಾ ಮುಗಿಸಿ ಬಂದು

ಬಾಯಲ್ಲಿ ಶುರು ಮಾಡಿದ್ರೆ ಕೂಗಾಟ ಆಗ್ತದೆ. ಇಲ್ಲಿ ಒಂದ್ಸಲ ಬರೆದು ನೋಡ್ತೀನಿ. ಆಮೇಲೆ ಹೇಳ್ತೀನಿ. ಅವಳು ಬರೋ ಹೊತ್ತಾಯ್ತು.

ಮಗಳೇ ನಾಹಿದಾ — ಬೇಡ. ಮಗಳೇ ಅಂದ್ರೆ ಅಳ್ತಾಳೆ. ಅವಳೊಬ್ಬಳೇ ಅಲ್ಲ.

ನಾಹಿದಾ. ಈ ಮನೆಗೆ ನಿನ್ನ ಕರೆದವನು ನಾನು. ಮೊದಲು ಮಾತಾಡಬೇಕಾದವನೂ ನಾನೇ. ಯಾಸೀನ್‌ನ ನೋಡಿ ಬಂದಿದೀನಿ. ಫ್ಯಾನು ಬರೀ ನೆಪ. ಕೈ ಶುದ್ಧ, ಮಾತೂ ಶುದ್ಧ. ಸಕ್ಕರೆ ಒಂದು ಕಡಿಮೆ ಮಾಡಿಸು.

ಹೋಗು ಅಂತ ಹೇಳ್ತಿಲ್ಲ. ಇರು ಅನ್ನೋಕೆ ಬಾಯಿಗೆ ಬರ್ತಿದೆ. ಅದನ್ನೂ ಹೇಳಲ್ಲ. ನೀನು ತುರುವೇಕೆರೇಲಿ ಕೂತ್ರೂ ಕೊಂಡಿ ಕಂಪೈಲ್ ಆಗ್ತದೆ, ಅದಕ್ಕೇ ತಾನೇ ಇಷ್ಟೆಲ್ಲ ಬಡಿದಾಡಿದ್ದು. ಅಲ್ಲಿಂದ ತಪ್ಪು ಹಿಡಿ, ಇಲ್ಲಿಂದ ಬೈತೀನಿ.

ಹೂಂ ಅಂದ್ರೂ ಸರಿ. ಊಹೂಂ ಅಂದ್ರೂ ಸರಿ. ಸುಮ್ಮನಿದ್ರೆ ಅದನ್ನ ಹೂಂ ಅಂತಾನೂ ತಗೊಳಲ್ಲ, ಊಹೂಂ ಅಂತಾನೂ ತಗೊಳಲ್ಲ. ಮತ್ತೆ ಬಂದು ಕೇಳ್ತೀನಿ.

ಸ್ಕೂಟಿ ಬಂತು. ಗೇಟ್ ತೆಗೀತಿದಾಳೆ. ಇಷ್ಟುದ್ದ ಹೇಳೋಕಾಗಲ್ಲ, ಕೊನೇ ಸಾಲು ಒಂದು ಹೇಳಿದ್ರೆ ಸಾಕು —

ಯಾಸೀನ್ ವಿಚಾರಕ್ಕೆ ಡಿಸೆಂಬರ್ ಐದು, ಶುಕ್ರವಾರದೊಳಗೆ ನನಗೆ ಉತ್ತರ ಬೇಕು.