ಗೋಡೆಯಾಚೆಯ ಹುಣಸೆ ಒಗ್ಗರಣೆ

ಗುರಮ್ಮಕ್ಕಾ,

ನಿನ್ನ ಮೇಲೆ ಸಿಟ್ಟು ಬಂದಿದೆ. ಸತ್ತವರ ಮೇಲೆ ಸಿಟ್ಟಾಗಬಾರದಂತೆ. ಬದುಕಿದ್ದಾಗ ನೀನು ಸಿಟ್ಟಾಗಲು ಬಿಟ್ಟಿದ್ದಾದರೂ ಯಾವಾಗ? ನಾನು ಬಾಯಿ ತೆರೆಯುವ ಮೊದಲೇ ಗೋಡೆಯ ಮೇಲಿಂದ ಒಂದು ಬಟ್ಟಲು ಬಂದಿರುತ್ತಿತ್ತು.

ಮೊದಲನೆಯ ಬಟ್ಟಲು ನೆನಪಿದೆಯಾ? ಪೋಲೀಸ್ ಆ್ಯಕ್ಷನ್ ಮುಗಿದು, ಊರು ಬಿಟ್ಟು ಓಡಿದ್ದ ನಾವೆಲ್ಲ ಗುಂಜೋಟಿಗೆ ಮರಳಿದ ವರ್ಷ. ನಮ್ಮಿಬ್ಬರ ಹಿತ್ತಲ ನಡುವಿನ ಗೋಡೆ ಅರ್ಧ ಕುಸಿದಿತ್ತು. ನನ್ನ ಮನೆಯಲ್ಲಿ ಹಳ್ಳದ ಮೀನು, ಹಿಡಿ ಜೋಳದ ಹಿಟ್ಟು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಇದ್ದ ಉಪ್ಪು ಖಾರ ಸವರಿ, ಹಿಟ್ಟಿನಲ್ಲಿ ಹೊರಳಿಸಿ ಹಂಚಿನ ಮೇಲೆ ಹಾಕಿದ್ದೆ. ಲಿಂಗ ಕಟ್ಟಿದ ನೀನು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಬಂದು, ಬೇಯಿಸಿ ನುಣ್ಣಗೆ ಅರೆದ ಕುಂಬಳಕಾಯಿ ಕೊಟ್ಟೆ. ಅದರ ಮೇಲೆ ನಾನು ಮೀನಿಟ್ಟೆ. ಅಷ್ಟಕ್ಕೂ ನಿನಗೆ ಸಮಾಧಾನವಿಲ್ಲ. ಕುಸುಬಿ ಎಣ್ಣೆಯಲ್ಲಿ ಬೆಳ್ಳುಳ್ಳಿ, ಒಣಮೆಣಸು ಸಿಡಿಸಿ, ಹುಣಸೆ ರಸ ಬೆರೆಸಿ, ಆರುವ ಮುನ್ನ ತಂದು ಸುರಿದೆ. ಎಂದೂ ಮೀನು ಮುಟ್ಟದವಳಿಗೆ ಅದಕ್ಕೆ ಏನು ಒಪ್ಪುತ್ತದೆಂದು ಯಾರು ಹೇಳಿಕೊಟ್ಟಿದ್ದರೋ!

ಪ್ರತಿ ಸಲ ಸುರಿಯುವಾಗ ನಿನ್ನ ಬಟ್ಟಲು ನನ್ನ ತಾಟಿಗೆ ತಾಗದಂತೆ ಎತ್ತಿ ಹಿಡಿಯುತ್ತಿದ್ದೆ. ನಾನು ಗಮನಿಸಿಲ್ಲ ಅಂದುಕೊಂಡಿದ್ದೆಯಾ? ಆಮೇಲೆ ಹುಳಿ ಸರಿಯಾಗಿದೆಯೇ ಎಂದು ನನ್ನನ್ನೇ ಕೇಳುತ್ತಿದ್ದೆ. ಇಷ್ಟು ವರ್ಷದಲ್ಲಿ ಒಮ್ಮೆ, ಒಂದೇ ಒಮ್ಮೆ ಆ ತಾಟಿಗೆ ಬೆರಳು ಅದ್ದಿದ್ದರೆ... ಹೋಗಲಿ ಬಿಡು.

ಮೊನ್ನೆ ನಿನ್ನ ಮಗಳು ಮಹಾದೇವಿಯನ್ನು ನೋಡಲು ದೇವಣಿ ಊರಿನವರು ಬಂದಿದ್ದರು. ಹುಡುಗ ಒಳ್ಳೆಯವನು, ಹೊಲವಿದೆ, ಊರವರು ನಿಂತು ನೋಡುವಂಥ ಎತ್ತಿನ ಜೋಡಿಯಿದೆ. ಎಲ್ಲ ಕುದುರಿತು ಎನ್ನುವಾಗ ಹುಡುಗನ ಸೋದರತ್ತೆ ಕೊಕ್ಕೆ ಹಾಕಿದಳು. ಹುಡುಗಿಯ ತಾಯಿ ಪಕ್ಕದ ಮನೆಯಲ್ಲಿ ಮೀನು ತಿನ್ನುತ್ತಿದ್ದಳೆಂದು ನೆರೆಯೂರು ತುರೋರಿಯಲ್ಲಿ ಯಾರೋ ಅವಳ ಕಿವಿ ಊದಿದ್ದರಂತೆ. ನನ್ನನ್ನು ಕರೆಸಿದರು. ನಿನ್ನ ಗಂಡ ನೆಲ ನೋಡುತ್ತ ಕೂತಿದ್ದ. ನಮ್ಮ ದೇವರ ಅರಿಷಿಣದ ಬಟ್ಟಲನ್ನು ಆಗಲೇ ತರಿಸಿಟ್ಟಿದ್ದರು.

"ಬೀರಪ್ಪನ ಭಂಡಾರ ಮುಟ್ಟಿ ಹೇಳವ್ವಾ, ಆಕಿ ನಿಮ್ಮ ಮನ್ಯಾಗ ಉಂಡಿಲ್ಲಂತ," ಎಂದಳು ಆ ಅತ್ತೆ.

ನೀನು ಉಂಡಿರಲಿಲ್ಲ, ಖರೆ. ಆದರೆ ನನ್ನ ಮನೆಯ ಊಟ ಕಳಂಕವೆಂದು ನನ್ನ ದೇವರ ಮೇಲೆ ನಾನೇ ಆಣೆ ಇಡಬೇಕೆ? ನಿನ್ನ ಕೊನೆಯ ಜ್ವರದಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿದ ಕೈ ನಡೆಯುತ್ತದೆ, ಆ ಕೈಯ ತಾಟು ನಡೆಯುವುದಿಲ್ಲವೆ? ಒಂದು ಸಲವಾದರೂ ನೀನು ತಿಂದಿದ್ದರೆ, ಅಕ್ಕಾ, ಸುಳ್ಳು ಆಣೆಯನ್ನು ಖುಷಿಯಿಂದ ಮಾಡುತ್ತಿದ್ದೆ. ಈ ಸತ್ಯದ ಆಣೆಯೇ ಗಂಟಲಲ್ಲಿ ಸಿಕ್ಕಿಕೊಂಡಿತು. ಆದರೂ ಹುಡುಗಿಯ ಬಾಳು ನೆನೆದು ಭಂಡಾರಕ್ಕೆ ಕೈ ಚಾಚಿದೆ.

ಅಷ್ಟರಲ್ಲಿ, ನನ್ನನ್ನು ಮೌಶಿ, ಚಿಕ್ಕಮ್ಮ ಎಂದೇ ಕರೆಯುವ ಮಹಾದೇವಿ ಒಳಗಿನಿಂದ ಬಂದು ನನ್ನ ಮುಂಗೈ ಹಿಡಿದಳು.

"ಬ್ಯಾಡ ಮೌಶಿ. ನಮ್ಮವ್ವ ತಿಂದಿಲ್ಲ. ನಾ ತಿಂದೀನಿ."

ದೇವಣಿಯವರು ಚಹಾ ಅಲ್ಲೇ ಬಿಟ್ಟು ಎದ್ದರು. ನಿನ್ನ ಗಂಡ ಇವತ್ತಿಗೂ ನನ್ನತ್ತ ತಿರುಗಿ ನೋಡುತ್ತಿಲ್ಲ. ನಾನಂತೂ ಹುಡುಗಿಯನ್ನು ಹಿತ್ತಲಿಗೆ ಎಳೆದೊಯ್ದು ಬಾಯಿಗೆ ಬಂದಂತೆ ಬೈದೆ. ಎಂದು ತಿಂದಿದ್ದಳು ಅವಳು? ನನ್ನ ಆಣೆ ತಪ್ಪಿಸಲೆಂದು, ಮನೆಗೆ ಬಂದ ಗಂಡನ್ನೇ ಕಳೆದುಕೊಳ್ಳುವಷ್ಟು ಹುಚ್ಚೆ?

ಮರುದಿನ ಗೋಡೆ ದಾಟಿ ಬಂದಳು. ಕೈಯಲ್ಲಿ ಅರೆದ ಕುಂಬಳಕಾಯಿ, ಇನ್ನೂ ಬಿಸಿಯಾಗಿದ್ದ ಒಗ್ಗರಣೆ. ನನ್ನ ಒಲೆಯ ಮುಂದೆ ಕೂತು ತಾಟು ಎಳೆದುಕೊಂಡಳು.

"ಹೇಳಿದ್ದು ಖರೇ ಮಾಡಬೇಕಲ್ಲ ಮೌಶಿ. ಹಾಕು," ಎಂದಳು.

ಬೇಡವೆನ್ನಬೇಕಿತ್ತೇ? ಬೈಯುವುದಿದ್ದರೆ ಬೈ. ಇನ್ನು ಅವಳಿಗೆ ಗಂಡು ಹುಡುಕುವುದು ನನ್ನ ಹೊಣೆ. ಉದಗೀರ, ನಿಲಂಗಾ, ಎಲ್ಲಿಗಾದರೂ ಸರಿ, ನಿಮ್ಮವರ ಹೊಸ್ತಿಲಿಗೆ ನಾನೇ ಹೋಗುತ್ತೇನೆ. ಈ ಸಂಗತಿ ಮೊದಲು ಹೇಳಿ, ಆಮೇಲೆ ಹುಡುಗನನ್ನು ಕೇಳುತ್ತೇನೆ.

ಮೀನು ಹೇಗೆ ತಿನ್ನುವುದೆಂದೇ ಅವಳಿಗೆ ಗೊತ್ತಿರಲಿಲ್ಲ, ಅಕ್ಕಾ. ಮುಳ್ಳು ಬಿಡಿಸಿ ಬಿಡಿಸಿ ನಾನೇ ತಿನ್ನಿಸಿದೆ.