ಬದಲಿಸಬಾರದ ದೃಶ್ಯ

ಪ್ರೀತಿಯ ಪುಟ್ಟಿ,

ನಿನ್ನ ಕಾದಂಬರಿಯನ್ನು ಸಿನಿಮಾ ಕಂಪನಿಯವರು ಕೊಳ್ಳುತ್ತಿದ್ದಾರಂತೆ. ನಮ್ಮಿಬ್ಬರ ಪ್ರಕಾಶಕರೇ ಫೋನ್ ಮಾಡಿ, "ನಿಮ್ಮ ತಂಗಿ ಗೆದ್ದುಬಿಟ್ಟಳು ಕಣಮ್ಮಾ" ಅಂದರು. ನನ್ನ ಐದು ಕಾದಂಬರಿಗಳನ್ನೂ ಅವರು ಅದೇ ಕಂಪನಿಗೆ ತೋರಿಸಿದ್ದರು. ಒಂದಕ್ಕೂ ಹ್ಞೂಂ ಅನ್ನಲಿಲ್ಲ. ಹೊಟ್ಟೆ ಉರಿಯಿತು, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ?

ತಪ್ಪು ಹುಡುಕೋಣವೆಂದೇ ನಿನ್ನ ಪುಸ್ತಕ ಹಿಡಿದು ಕೂತೆ. ಒಲೆ ಮೇಲಿಟ್ಟ ಹಾಲು ಉಕ್ಕಿಹೋದದ್ದೂ ಗೊತ್ತಾಗಲಿಲ್ಲ. ಕೊನೆಗೆ ಆಸ್ಪತ್ರೆಯ ದೃಶ್ಯದಲ್ಲಿ ತಪ್ಪು ಸಿಕ್ಕಿತು. ಅಮ್ಮ ಕಣ್ಣು ಮುಚ್ಚುವ ಮುಂಚೆ ದೊಡ್ಡ ಮಗಳನ್ನು ಕರೆದಳು ಎಂದು ಬರೆದಿದ್ದೀಯ. ನೀನಾಗ ದೂರದ ಊರಲ್ಲಿದ್ದೆ, ನಿನಗೆ ಹೇಗೆ ಗೊತ್ತಾಗಬೇಕು? ಕೈ ಹಿಡಿದು ಕೂತಿದ್ದವಳು ನಾನು. ಅಮ್ಮ ಕರೆದದ್ದು ನಿನ್ನನ್ನು. "ಪುಟ್ಟಿ ಬಂದಳಾ?" ಅಂತ ನನ್ನನ್ನೇ ಕೇಳಿದಳು.

ಸಿನಿಮಾದವರು ಕಥೆಯನ್ನು ತಮಗೆ ಬೇಕಾದ ಹಾಗೆ ತಿದ್ದುತ್ತಾರೆ. ಅದಕ್ಕೇ ಒಂದು ಕೆಲಸ ಮಾಡು. ಸಹಿ ಹಾಕುವ ಮುಂಚೆ, ಆ ದೃಶ್ಯವನ್ನು ಯಾರೂ ಬದಲಿಸಕೂಡದು ಎಂದು ಒಪ್ಪಂದದಲ್ಲಿ ಬರೆಸು. ತೆರೆಯ ಮೇಲಾದರೂ ಅಮ್ಮ ನನ್ನನ್ನು ಕರೆಯಲಿ.

ನಿನ್ನ ಅಕ್ಕ